ಚೀಟಿ ಎತ್ತಿ ಕುದುರೆ ಹಂಚುವುದನ್ನು ಸಮರ್ಥಿಸುವವರಿಗೆ

ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿಯನ್ನು ತೆಗೆದದ್ದು ಅನ್ಯಾಯ ಎಂಬ ವಾದ ಇನ್ನೂ ನಿಂತಿಲ್ಲ. 2024ರ ಪ್ಯಾರಿಸ್ ಕೂಟವೇ ಅದರಲ್ಲಿ ಸವಾರಿಗೆ ಕೊನೆಯದಾಯಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಆ ಜಾಗಕ್ಕೆ ಅಡೆತಡೆಗಳನ್ನು ಹತ್ತಿ ದಾಟುವ ಓಟ ಬರುತ್ತದೆ. ಈ ಬದಲಾವಣೆಯನ್ನು ವಿರೋಧಿಸುವವರಲ್ಲಿ ಕುದುರೆಗಳನ್ನು ನಿಜಕ್ಕೂ ಪ್ರೀತಿಸುವವರಿದ್ದಾರೆ, ಜೀವನವಿಡೀ ಈ ಆಟಕ್ಕೆ ದುಡಿದವರಿದ್ದಾರೆ. ಅವರ ಮಾತನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುವುದು ಸರಿಯಲ್ಲ. ಅವರು ಮುಂದಿಡುವ ಕಾರಣಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರಿಸುತ್ತೇನೆ. ಕೆಲವು ಕಡೆ ಅವರು ಹೇಳುವುದು ನಿಜ. ಅದನ್ನೂ ಒಪ್ಪಿಕೊಂಡೇ ಮಾತಾಡುತ್ತೇನೆ.

ಮೊದಲು ಆಟದ ಕ್ರಮ ಗೊತ್ತಿರಬೇಕು. ಕತ್ತಿವರಸೆ, ಈಜು, ಸವಾರಿ, ಶೂಟಿಂಗ್, ಓಟ ಈ ಐದನ್ನೂ ಒಬ್ಬನೇ ಸ್ಪರ್ಧಿ ಮಾಡಬೇಕಿತ್ತು. ಸವಾರಿಗೆ ಮಾತ್ರ ತನ್ನ ಕುದುರೆಯನ್ನು ತರುವ ಹಾಗಿರಲಿಲ್ಲ. ಸಂಘಟಕರು ಒಂದಷ್ಟು ಕುದುರೆಗಳನ್ನು ಒದಗಿಸುತ್ತಿದ್ದರು, ಚೀಟಿ ಎತ್ತಿ ಹಂಚುತ್ತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 36 ಸ್ಪರ್ಧಿಗಳಿಗೆ 18 ಕುದುರೆ. ಒಂದೊಂದು ಕುದುರೆಯ ಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರು. ಪರಿಚಯಕ್ಕೆ ಸಿಗುತ್ತಿದ್ದದ್ದು 20 ನಿಮಿಷ, ಅದರೊಳಗೆ ಬೆರಳೆಣಿಕೆಯ ಅಭ್ಯಾಸದ ಹಾರಿಕೆ. ಆಮೇಲೆ 120 ಸೆಂಟಿಮೀಟರ್‌ವರೆಗಿನ ತಡೆಗಳನ್ನು ಒಂದರ ಹಿಂದೊಂದು ಹಾರಬೇಕಿತ್ತು.

2021ರ ಆಗಸ್ಟ್ 6ರಂದು ಟೋಕಿಯೊದ ಮಹಿಳೆಯರ ಫೈನಲ್‌ನಲ್ಲಿ ಜರ್ಮನಿಯ ಅನಿಕಾ ಶ್ಲೋಯಿ ಕತ್ತಿವರಸೆ ಮತ್ತು ಈಜು ಮುಗಿದಾಗ ಎಲ್ಲರಿಗಿಂತ ಮುಂದಿದ್ದಳು. ಅವಳ ಪಾಲಿಗೆ ಬಂದದ್ದು ಸೇಂಟ್ ಬಾಯ್ ಎಂಬ ಕುದುರೆ. ಅದೇ ಕುದುರೆ ಸ್ವಲ್ಪ ಹೊತ್ತಿಗೆ ಮೊದಲು ರಷ್ಯಾದ ಗುಲ್ನಾಜ್ ಗುಬೈದುಲ್ಲಿನಾ ಏರಿದಾಗ ಮತ್ತೆ ಮತ್ತೆ ತಡೆಯ ಮುಂದೆ ನಿಂತುಬಿಟ್ಟಿತ್ತು. ಕುದುರೆಯನ್ನು ಬದಲಿಸಲು ನಿಯಮ ಕೇಳುವಷ್ಟು ಸಲ ಅದು ನಿರಾಕರಿಸಿರಲಿಲ್ಲ, ಹಾಗಾಗಿ ಅದನ್ನೇ ಎರಡನೆಯವಳಿಗೂ ಕೊಟ್ಟರು. ಶ್ಲೋಯಿ ಏರಿದಾಗ ಕುದುರೆ ಅಂಕಣದೊಳಗೆ ಹೋಗಲೇ ಒಪ್ಪಲಿಲ್ಲ. ಹಿಂದೆ ಸರಿಯಿತು, ಸುತ್ತು ಹಾಕಿತು. ಅವಳು ಜೀನಿನ ಮೇಲೆ ಕೂತು ಅಳುತ್ತಲೇ ಚಾಟಿ ಬೀಸಿದಳು. ಬೇಲಿಯಾಚೆಯಿಂದ ಕೋಚ್ ಕಿಮ್ ರೈಸ್ನರ್ ಇನ್ನೂ ಜೋರಾಗಿ ಹೊಡೆ ಎಂದು ಕೂಗಿದ್ದು ಪ್ರಸಾರದಲ್ಲಿ ಜಗತ್ತಿಗೇ ಕೇಳಿಸಿತು. ಆಕೆ ಕುದುರೆಯ ಹಿಂಭಾಗಕ್ಕೆ ಮುಷ್ಟಿಯಿಂದ ಗುದ್ದಿದ್ದೂ ಕಾಣಿಸಿತು. ಸವಾರಿಯಲ್ಲಿ ಶ್ಲೋಯಿಗೆ ಸಿಕ್ಕಿದ್ದು ಸೊನ್ನೆ. ಚಿನ್ನದ ಹೊಸ್ತಿಲಲ್ಲಿದ್ದವಳು 31ನೇ ಸ್ಥಾನಕ್ಕಿಳಿದಳು. ರೈಸ್ನರ್‌ರನ್ನು ಉಳಿದ ಕೂಟದಿಂದ ಹೊರಹಾಕಿದರು.

ಅದು ಒಂದು ದಿನದ ಅವಘಡ, ತಪ್ಪು ಮಾಡಿದ ಕೋಚ್‌ಗೆ ಶಿಕ್ಷೆಯಾಯಿತು, ಅಷ್ಟಕ್ಕೆ ಇಡೀ ವಿಭಾಗವನ್ನೇ ತೆಗೆಯಬೇಕಿತ್ತೆ ಎನ್ನುವುದು ಮೊದಲ ಆಕ್ಷೇಪ. ಅವಘಡವೆಂದರೆ ಯಾರೂ ನಿರೀಕ್ಷಿಸದೆ ಆಗುವಂಥದ್ದು. ಇಲ್ಲಿ ಕುದುರೆ ಮೊದಲ ಸವಾರಳಿಗೇ ಸ್ಪಷ್ಟವಾಗಿ ಒಲ್ಲೆ ಎಂದಿತ್ತು. ಅಧಿಕಾರಿಗಳು, ಕೋಚ್‌ಗಳು, ಪ್ರೇಕ್ಷಕರು ಎಲ್ಲರೂ ನೋಡಿದ್ದರು. ಆ ಮೇಲೂ ಅದನ್ನು ಮತ್ತೆ ಅಂಕಣಕ್ಕೆ ಕಳಿಸಿದ್ದು ನಿಯಮ. ಅದೇ ದಿನ, ಅದೇ ಅಂಕಣದಲ್ಲಿ ಐರ್ಲೆಂಡಿನ ನತಾಲ್ಯಾ ಕೋಯ್ಲ್‌ಳ ಪದಕದ ಆಸೆಯನ್ನೂ ಹಾರಲೊಪ್ಪದ ಇನ್ನೊಂದು ಕುದುರೆ ಮುಗಿಸಿತು. ಇದು ಹೊಸದೂ ಅಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಪಶ್ಚಿಮ ಜರ್ಮನಿಯ ಹಾನ್ಸ್ ಯುರ್ಗೆನ್ ಟೋಟ್ ತನಗೆ ಸಿಕ್ಕ ರಾಂಚೆರೊ ಎಂಬ ಕುದುರೆ ಹಾರಲು ನಿರಾಕರಿಸಿದ್ದಕ್ಕೆ ಅದರ ಮೇಲೆ ಕೈಮಾಡಿದ. ಜೊತೆಯವರು ಅವನನ್ನು ಎಳೆದು ಬಿಡಿಸಬೇಕಾಯಿತು. ಎರಡು ಘಟನೆಗಳ ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿದೆ. ಸವಾರರು ಬದಲಾದರು, ಕುದುರೆಗಳು ಬದಲಾದವು. ಹಾಗೇ ಉಳಿದದ್ದು ಚೀಟಿ ಎತ್ತುವ ಪದ್ಧತಿ ಒಂದೇ.

ಟೋಕಿಯೊ ಆದ ಮೇಲೆ ಶ್ಲೋಯಿ ಮೇಲೆ ಜಾಲತಾಣಗಳಲ್ಲಿ ಸುರಿದ ಬೈಗುಳ ಅಸಹ್ಯವಾಗಿತ್ತು. ಜರ್ಮನಿಯಲ್ಲಿ ಅವಳ ಮೇಲೂ ಕೋಚ್ ಮೇಲೂ ಪ್ರಾಣಿಹಿಂಸೆಯ ದೂರು ದಾಖಲಾಯಿತು, ಹಣ ಕಟ್ಟಿಸಿಕೊಂಡು ಪ್ರಕರಣ ಕೈಬಿಟ್ಟರು. ಅವಳು ಮಾಡಿದ್ದು ಸರಿ ಎನ್ನಲಾರೆ. ಆದರೆ ಗಾಬರಿಗೊಂಡ ಪ್ರಾಣಿಯನ್ನೂ ಗಾಬರಿಗೊಂಡ ಹೆಣ್ಣುಮಗಳನ್ನೂ ಒಟ್ಟಿಗೆ ಕಟ್ಟಿ ಬೇಲಿಯೊಳಗೆ ಬಿಟ್ಟವರು ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಬರೆಯೆಲ್ಲ ಅವಳ ಮೈಮೇಲೆ ಬಿತ್ತು, ನಿಯಮ ಬರೆದವರಿಗೆ ಏನೂ ಆಗಲಿಲ್ಲ. ಒಂದು ದಿನದ ತಪ್ಪು ಎನ್ನುವವರು ಈ ಅನ್ಯಾಯವನ್ನೇ ಮುಂದುವರಿಸುತ್ತಿದ್ದಾರೆ.

ಎರಡನೆಯದು, ಚೀಟಿ ಎಲ್ಲರಿಗೂ ಒಂದೇ, ಅದೃಷ್ಟ ಎಲ್ಲರಿಗೂ ಸಮಾನ, ಆದ್ದರಿಂದ ಸ್ಪರ್ಧೆ ನ್ಯಾಯವಾದದ್ದೇ ಎಂಬ ವಾದ. ಚೀಟಿ ಎತ್ತುವಾಗ ಎಲ್ಲರೂ ಸಮಾನರು, ನಿಜ. ಎತ್ತಿದ ಮರುಕ್ಷಣ ಯಾರೂ ಸಮಾನರಲ್ಲ. ಅದೇ ಸ್ಪರ್ಧಿ ಕತ್ತಿವರಸೆಗೆ ತನ್ನ ಕತ್ತಿ ತರುತ್ತಾನೆ, ಶೂಟಿಂಗ್‌ಗೆ ತನ್ನ ಕೈಗೆ ಹೊಂದುವ ಹಿಡಿಯ ಪಿಸ್ತೂಲು ತರುತ್ತಾನೆ. ಯಾರದೋ ಕತ್ತಿಯನ್ನು ಚೀಟಿ ಎತ್ತಿ ಕೊಟ್ಟರೆ ಅವನು ಒಪ್ಪುವನೆ? ಕತ್ತಿಗಾದರೆ ಹೆದರಿಕೆಯಿಲ್ಲ, ದಣಿವಿಲ್ಲ, ಹಿಂದಿನವನ ಕೈ ಹೇಗಿತ್ತೆಂಬ ನೆನಪಿಲ್ಲ. ಕುದುರೆಗೆ ಇವೆಲ್ಲ ಇವೆ. ಎರಡನೆಯ ಸವಾರನಿಗೆ ಸಿಗುವುದು ಮೊದಲನೆಯವನು ಬಿಟ್ಟುಹೋದ ಕುದುರೆ. ಮೊದಲನೆಯವನು ಲಗಾಮು ಜಗ್ಗಿ ಬಾಯಿ ನೋಯಿಸಿದ್ದರೆ ಆ ನೋವಿನ ಲೆಕ್ಕ ತೀರಿಸುವವನು ಎರಡನೆಯವನು.

ಚೀಟಿಯ ಪದ್ಧತಿಯನ್ನು ನ್ಯಾಯವಾಗಿ ನಡೆಸಲು ಸಾಧ್ಯವೇ ಇಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಅಮೆರಿಕದ ಕಾಲೇಜುಗಳಲ್ಲಿ 1967ರಿಂದ ನಡೆಯುತ್ತಿರುವ ಅಂತರಕಾಲೇಜು ಸವಾರಿ ಸ್ಪರ್ಧೆಗಳಲ್ಲೂ ವಿದ್ಯಾರ್ಥಿಗಳು ಚೀಟಿ ಎತ್ತಿಯೇ ಕುದುರೆ ಏರುತ್ತಾರೆ. ಅಲ್ಲಿ ಸವಾರರನ್ನು ಅನುಭವಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಹೊಸಬರು ನಡಿಗೆ ಮತ್ತು ಕುಕ್ಕುಲೋಟಕ್ಕಿಂತ ಮುಂದೆ ಹೋಗುವುದಿಲ್ಲ. ಹಲವರ ಕೈಯಲ್ಲಿ ಪಳಗಿದ ಶಾಲೆಯ ಕುದುರೆಗಳನ್ನೇ ಬಳಸುತ್ತಾರೆ. ಕಾಲೇಜು ಮಟ್ಟದ ಇನ್ನೊಂದು ಬಗೆಯ ಸ್ಪರ್ಧೆಯಲ್ಲಿ ಎದುರಾಳಿ ತಂಡಗಳ ಇಬ್ಬರೂ ಒಂದೇ ಕುದುರೆಯನ್ನು ಏರುತ್ತಾರೆ, ತೀರ್ಪು ಅವರಿಬ್ಬರ ನಡುವೆ ಮಾತ್ರ. ಒಬ್ಬನಿಗೆ ಸಾಧು ಕುದುರೆ, ಇನ್ನೊಬ್ಬನಿಗೆ ಅಂಜುಬುರುಕ ಕುದುರೆ ಎಂಬ ತಕರಾರು ಅಲ್ಲಿ ಏಳುವುದೇ ಇಲ್ಲ. ಪೆಂಟಾಥ್ಲಾನ್ ಈ ಯಾವ ದಾರಿಯನ್ನೂ ಹಿಡಿಯಲಿಲ್ಲ. ಎತ್ತರದ ತಡೆ, ಕಡಿಮೆ ಸಮಯ, ದೊಡ್ಡ ಪದಕ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಅದೃಷ್ಟವನ್ನೇ ನ್ಯಾಯವೆಂದು ಕರೆಯಿತು.

ಇನ್ನು ವಿರೋಧಿಗಳು ಹೆಮ್ಮೆಯಿಂದ ಹೇಳುವ ಮಾತು: ನಿಜವಾದ ಸವಾರ ಯಾವ ಕುದುರೆಯನ್ನಾದರೂ ಪಳಗಿಸುತ್ತಾನೆ, ಪರೀಕ್ಷೆ ಇರುವುದೇ ಅದರಲ್ಲಿ. ಈ ಮಾತನ್ನು ಒರೆಗೆ ಹಚ್ಚಲು ಜಗತ್ತಿನ ಅತ್ಯುತ್ತಮ ಸವಾರರನ್ನೇ ತೆಗೆದುಕೊಳ್ಳೋಣ. ಜಂಪಿಂಗ್‌ನ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1953ರಲ್ಲಿ, ಪ್ಯಾರಿಸ್‌ನಲ್ಲಿ. ಅದರ ಕೊನೆಯ ಸುತ್ತಿಗೆ ಬಂದ ನಾಲ್ವರು ಪರಸ್ಪರರ ಕುದುರೆಗಳನ್ನು ಏರಿ ಗೆಲ್ಲಬೇಕಿತ್ತು. ಆ ಆಟದಲ್ಲಿ ಅದಕ್ಕಿಂತ ಪ್ರತಿಷ್ಠೆಯ ಪರೀಕ್ಷೆ ಇರಲಿಲ್ಲ. ಅಲ್ಲಿಗೆ ಬರುತ್ತಿದ್ದವರು ಹುಟ್ಟಿದಾಗಿನಿಂದ ಲಾಯದಲ್ಲೇ ಬೆಳೆದಂಥವರು. ಕುದುರೆಗಳೂ ಜಗತ್ತಿನ ಆಯ್ದ ನಾಲ್ಕು. 2014ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ಡಚ್ ಸವಾರ ಯೆರೂನ್ ಡುಬೆಲ್ಡಾಮ್ ಗೆದ್ದದ್ದೇ ಆ ಪದ್ಧತಿಯ ಕೊನೆ. 2018ರ ಚಾಂಪಿಯನ್‌ಶಿಪ್ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು. ದಿನಗಟ್ಟಲೆ ಹಾರಿ ದಣಿದ ಕುದುರೆಗಳ ಮೇಲೆ ಹೊಸ ಸವಾರರನ್ನು ಒಬ್ಬರಾದ ಮೇಲೊಬ್ಬರು ಕೂರಿಸುವುದನ್ನು ಅಶ್ವಕ್ರೀಡೆಯವರೇ ಬೇಡವೆಂದ ಮೇಲೆ, ವಾರದಲ್ಲಿ ಐದು ಆಟಗಳಿಗೆ ಸಮಯ ಹಂಚಬೇಕಾದ ಪೆಂಟಾಥ್ಲೀಟ್ ಅದನ್ನು ಮಾಡಿ ತೋರಿಸಲಿ ಎನ್ನುವುದು ಯಾವ ತರ್ಕ?

ಕುದುರೆಯ ಸ್ವಭಾವವನ್ನು ಬಲ್ಲವರು ಹೀಗೆ ಮಾತಾಡಲಾರರು. ಕುದುರೆ ಬೇಟೆಗೆ ಬಲಿಯಾಗುತ್ತ ಬಂದ ಪ್ರಾಣಿ. ಲಕ್ಷಾಂತರ ವರ್ಷ ಅದನ್ನು ಉಳಿಸಿದ್ದು ಕಾಲು, ಕಿವಿ ಮತ್ತು ಅನುಮಾನ. ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವ ಪ್ರಾಣಿಗೆ ಸವಾರನ ತೊಡೆಯ ಬಿಗಿತ, ಕೈಯ ನಡುಕ, ಉಸಿರಿನ ವೇಗ ತಿಳಿಯದೆ ಇರುತ್ತದೆಯೆ? ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕುದುರೆಯನ್ನು ನಡೆಸುವವರಿಗೆ, ಸವಾರರಿಗೆ ಈ ಸಲ ನೀವು ದಾಟುವಾಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಹೇಳಿದರು, ಆದರೆ ಬಿಚ್ಚಲಿಲ್ಲ. ಮನುಷ್ಯರ ಎದೆಬಡಿತ ಏರಿತು. ಕೊಡೆಯ ಸುದ್ದಿಯೇ ಗೊತ್ತಿಲ್ಲದ ಕುದುರೆಗಳ ಎದೆಬಡಿತವೂ ಜೊತೆಗೇ ಏರಿತು. ಟೋಕಿಯೊದಲ್ಲಿ ಅಳುತ್ತ ಕೂತವಳ ಕೆಳಗಿದ್ದ ಸೇಂಟ್ ಬಾಯ್‌ಗೆ ಏನಾಗುತ್ತಿತ್ತೆಂದು ತಿಳಿಯಲು ಇದಕ್ಕಿಂತ ಹೆಚ್ಚು ಬೇಕಿಲ್ಲ. ಪರಿಚಿತ ಸವಾರನ ಭಯವನ್ನು ಕುದುರೆ ಹೇಗಾದರೂ ತಾಳಿಕೊಂಡೀತು. ಅವನ ಮೇಲೆ ಹಳೆಯ ನಂಬಿಕೆ ಇರುತ್ತದೆ. ಅಪರಿಚಿತನ ಭಯ ಅದಕ್ಕೆ ಬರೀ ಭಯ.

ನಮ್ಮ ಮೈಸೂರಿನವರಿಗೆ ಇದು ಚೆನ್ನಾಗಿ ಗೊತ್ತು. ದಸರೆಯ ಕುಶಾಲತೋಪಿಗೆ ಆನೆಗಳೂ ಪೊಲೀಸ್ ಕುದುರೆಗಳೂ ಬೆಚ್ಚಬಾರದೆಂದು ಜಂಬೂಸವಾರಿಗೆ ಮೊದಲೇ ಅವುಗಳ ಮುಂದೆ ಫಿರಂಗಿ ಸಿಡಿಸುವ ತಾಲೀಮು ನಡೆಸುತ್ತಾರೆ, ಅದೂ ಒಂದಕ್ಕಿಂತ ಹೆಚ್ಚು ಸಲ. ಮಾವುತ, ಸವಾರ ಎಲ್ಲ ಪಕ್ಕದಲ್ಲೇ ಇರುತ್ತಾರೆ. ಒಂದು ಸದ್ದಿಗೆ ಹೊಂದಿಕೊಳ್ಳಲು ಇಷ್ಟು ಬೇಕೆಂದರೆ ಒಬ್ಬ ಮನುಷ್ಯನಿಗೆ ಹೊಂದಿಕೊಳ್ಳಲು 20 ನಿಮಿಷ ಸಾಲುತ್ತದೆಯೆ?

ಅದೇ ಟೋಕಿಯೊದಲ್ಲಿ, ಅದೇ ವಾರ, ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್ ಎಂಬ ಸವಾರಿ ಸ್ಪರ್ಧೆಯಲ್ಲಿ ಫೈನಲ್ ತಲುಪಿ 23ನೆಯವರಾದರು. ಅವರ ಕುದುರೆ ಸೆನ್ಯೋರ್ ಮೆಡಿಕಾಟ್. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರಿಗೆ ಬೆಳ್ಳಿ ತಂದದ್ದೂ ಅದೇ. ಆ ಕುದುರೆ ಯಾವ ಕಡೆ ವಾಲುತ್ತದೆ, ಯಾವುದಕ್ಕೆ ಕಿವಿ ನಿಮಿರಿಸುತ್ತದೆ ಎಂದು ಅವರಿಗೆ ವರ್ಷಗಳಿಂದ ಗೊತ್ತು. ಕುದುರೆಗೂ ಅವರ ಕೈ ಗೊತ್ತು. ಕೊನೆಯ ದಿನದ ಜಂಪಿಂಗ್‌ಗೆ ಮುನ್ನ ಕುದುರೆಯನ್ನು ಪಶುವೈದ್ಯರೆದುರು ಓಡಿಸಿ ತೋರಿಸಬೇಕು, ಕುಂಟು ಕಂಡರೆ ಅಲ್ಲಿಗೇ ಮುಗಿಯಿತು. ಅವರು ಪದಕ ಗೆಲ್ಲಲಿಲ್ಲ. ಆದರೆ ಸವಾರಿ ಎಂದರೆ ಏನು ಎಂದು ಕೇಳಿದವರಿಗೆ ನಾನು ತೋರಿಸುವುದು ಆ ಜೋಡಿಯನ್ನು.

ಸವಾರಿ ಈ ಆಟದ ಸಂಪ್ರದಾಯ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಶತ್ರುವಿನ ನೆಲದಲ್ಲಿ ಸಿಕ್ಕಿಬಿದ್ದ ಅಶ್ವದಳದ ಯೋಧ ಕೈಗೆ ಸಿಕ್ಕ ಕುದುರೆ ಏರಿ, ಹೋರಾಡಿ, ಈಜಿ, ಓಡಿ ಪಾರಾಗಬೇಕು. ಈ ಕಲ್ಪನೆಯ ಮೇಲೆ ಆಧುನಿಕ ಒಲಿಂಪಿಕ್ಸ್ ಆರಂಭಿಸಿದ ಕೂಬರ್ತಾ ಈ ಆಟವನ್ನು 1912ರಲ್ಲಿ ಸ್ಟಾಕ್‌ಹೋಮ್‌ಗೆ ತಂದರು. ಆ ಯೋಧನ ಪಿಸ್ತೂಲಿನಲ್ಲಿ ಗುಂಡಿತ್ತು, 2012ರ ಲಂಡನ್ ಒಲಿಂಪಿಕ್ಸ್‌ನಿಂದ ಲೇಸರ್ ಬಂತು. ಓಟವನ್ನೂ ಶೂಟಿಂಗನ್ನೂ ಒಂದುಗೂಡಿಸಿದರು. ಹಲವು ದಿನ ನಡೆಯುತ್ತಿದ್ದ ಆಟವನ್ನು 1996ರ ಅಟ್ಲಾಂಟಾದಲ್ಲಿ ಒಂದೇ ದಿನಕ್ಕೂ ಪ್ಯಾರಿಸ್‌ನಲ್ಲಿ 90 ನಿಮಿಷಕ್ಕೂ ಇಳಿಸಿದರು. ಟಿವಿಗಾಗಿ ಇಷ್ಟೆಲ್ಲ ಬದಲಿಸಿದಾಗ ಸುಮ್ಮನಿದ್ದ ಸಂಪ್ರದಾಯ ಕುದುರೆಗಾಗಿ ಬದಲಿಸುವಾಗ ಮಾತ್ರ ಅಡ್ಡ ನಿಲ್ಲುವುದು ಸರಿಯೆ?

ಸ್ವಂತ ಕುದುರೆ ಇಟ್ಟುಕೊಂಡವರೇನು ಹೊಡೆಯುವುದಿಲ್ಲವೆ ಎಂದು ಕೇಳುತ್ತಾರೆ. ಹೊಡೆಯುತ್ತಾರೆ. ಬ್ರಿಟನ್ನಿನ ಡ್ರೆಸ್ಸಾಜ್ ತಾರೆ ಶಾರ್ಲಟ್ ಡುಜಾರ್ಡಿನ್ ತರಬೇತಿ ಕೊಡುವಾಗ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸಿದ ವಿಡಿಯೊ ಹೊರಬಂದು ಪ್ಯಾರಿಸ್ ಕೂಟದಿಂದ ಹಿಂದೆ ಸರಿಯಬೇಕಾಯಿತು, ಒಂದು ವರ್ಷದ ನಿಷೇಧವೂ ಬಿತ್ತು. ಟೋಕಿಯೊದ ಈವೆಂಟಿಂಗ್‌ನಲ್ಲಿ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆ ಕಾಲಿಗೆ ಪೆಟ್ಟಾಗಿ, ದಯಾಮರಣ ಕೊಡಬೇಕಾಯಿತು. ಪರಿಚಯವಿದ್ದ ಮಾತ್ರಕ್ಕೆ ಕುದುರೆ ಸುರಕ್ಷಿತ ಎಂದು ನಾನು ಹೇಳುವುದಿಲ್ಲ. ಆ ಆಟಗಳೂ ಉತ್ತರ ಕೊಡಬೇಕಾದದ್ದು ಬಹಳವಿದೆ. ಆದರೆ ಅಲ್ಲಿ ಪ್ರತಿ ಕುದುರೆಗೂ ಹೊಣೆಗಾರ ಸವಾರನೊಬ್ಬ ಇರುತ್ತಾನೆ, ನಾಳೆಯೂ ಅದೇ ಕುದುರೆಯ ಮುಖ ನೋಡಬೇಕಾದವನು. ಪೆಂಟಾಥ್ಲಾನ್‌ನಲ್ಲಿ ಸವಾರನಿಗೂ ಕುದುರೆಗೂ ಇದ್ದ ಸಂಬಂಧ ಸ್ಪರ್ಧೆಯೊಂದಿಗೇ ಕಡಿದುಹೋಗುತ್ತಿತ್ತು. ಒಂದು ಕಡೆಯ ಹಿಂಸೆಯನ್ನು ತೋರಿಸಿ ಇನ್ನೊಂದು ಕಡೆಯ ಹಿಂಸೆಯನ್ನು ಉಳಿಸಿಕೊಳ್ಳಲು ಬರುವುದಿಲ್ಲ.

ಇದರ ಜೊತೆಗೇ ಬರುವ ಮಾತು, ಕುದುರೆಯ ಚರ್ಮ ದಪ್ಪ, ಸಣ್ಣ ಚಾಟಿಯ ಏಟು ಅದಕ್ಕೆ ತಾಗುವುದೇ ಇಲ್ಲ ಎಂಬುದು. ಆಸ್ಟ್ರೇಲಿಯಾದಲ್ಲಿ 2020ರಲ್ಲಿ ಲಿಡಿಯಾ ಟಾಂಗ್, ಪಾಲ್ ಮೆಕ್‌ಗ್ರೀವಿ ಮತ್ತಿತರರು ಕುದುರೆಯ ಮತ್ತು ಮನುಷ್ಯನ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿದರು. ಕುದುರೆಯ ಚರ್ಮ ಒಟ್ಟಾರೆ ದಪ್ಪವೇ. ಆದರೆ ನೋವನ್ನು ಗ್ರಹಿಸುವ ನರತುದಿಗಳಿರುವ ಮೇಲ್ಪದರದಲ್ಲಿ ದಪ್ಪವಾಗಲಿ ನರತುದಿಗಳ ಸಾಂದ್ರತೆಯಾಗಲಿ ಇಬ್ಬರಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ನಮಗೆ ನೋಯುವುದು ಅದಕ್ಕೂ ನೋಯುತ್ತದೆ.

ಈಗ ಅವರ ವಾದಗಳಲ್ಲಿ ನನ್ನನ್ನು ಬಹಳ ಯೋಚಿಸುವಂತೆ ಮಾಡಿದ್ದಕ್ಕೆ ಬರುತ್ತೇನೆ. ಸಂಘಟಕರೇ ಕುದುರೆ ಒದಗಿಸುತ್ತಿದ್ದುದರಿಂದಲೇ ಬಡ ದೇಶದ, ಬಡ ಮನೆಯ ಕ್ರೀಡಾಪಟು ಒಲಿಂಪಿಕ್ಸ್‌ನಲ್ಲಿ ಕುದುರೆ ಏರಬಹುದಿತ್ತು. ಸ್ವಂತ ಕುದುರೆ ಕಡ್ಡಾಯವಾದರೆ ಅದು ಶ್ರೀಮಂತರ ಆಟವಾಗುತ್ತದೆ. ಇದು ನಿಜ, ಭಾರತೀಯರಿಗಂತೂ ಬಿಡಿಸಿ ಹೇಳಬೇಕಿಲ್ಲ. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಆದ ಮೇಲೆ ಒಲಿಂಪಿಕ್ಸ್ ಸವಾರಿಯಲ್ಲಿ ಇನ್ನೊಬ್ಬ ಭಾರತೀಯನನ್ನು ನೋಡಲು ನಾವು ಫವಾದ್‌ವರೆಗೆ ಕಾಯಬೇಕಾಯಿತು. ಅವರೂ ಪ್ರಾಯೋಜಕರ ನೆರವಿನಿಂದ ಯುರೋಪಿನಲ್ಲಿ ನೆಲೆಸಿ ತರಬೇತಿ ಪಡೆಯಬೇಕಾಯಿತು. ಒಂದು ಒಳ್ಳೆಯ ಕುದುರೆಯ ಬೆಲೆ, ಸಾಗಣೆ, ಲಾಯದ ಖರ್ಚು ನಮ್ಮ ಮಧ್ಯಮವರ್ಗದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಆದರೂ ಈ ಕಷ್ಟದ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ದೇಶದೇಶಗಳ ನಡುವಿನ ಅಂತಸ್ತಿನ ಅಂತರಕ್ಕೆ ಕುದುರೆ ಕಾರಣವಲ್ಲ. ಮನುಷ್ಯರಿಗೆ ಸಮಾನತೆ ತರಲು ಪ್ರಾಣಿಯ ಬೆನ್ನೇ ಬೇಕೆ? ಹಾಗೆ ನೋಡಿದರೆ ಚೀಟಿಯ ಕುದುರೆ ಬಡವರಿಗೆ ನೆರವಾಗಿದ್ದೂ ಅಷ್ಟಕ್ಕಷ್ಟೆ. ಸ್ಪರ್ಧೆಯ ದಿನ ಕುದುರೆ ಪುಕ್ಕಟೆ ಸಿಗಬಹುದು. ಅದನ್ನು 120 ಸೆಂಟಿಮೀಟರ್ ಹಾರಿಸುವುದನ್ನು ಕಲಿಯಲು ವರ್ಷಗಟ್ಟಲೆ ಬೇರೆ ಬೇರೆ ಕುದುರೆಗಳು ಬೇಕು, ಲಾಯ ಬೇಕು, ಶಿಕ್ಷಕ ಬೇಕು. ಅದು ಇದ್ದ ದೇಶಗಳವರೇ ಚೀಟಿಯಲ್ಲಿ ಕೆಟ್ಟ ಕುದುರೆ ಬಂದರೂ ಪಾರಾಗುತ್ತಿದ್ದರು. ಇಲ್ಲದವರು ಬೀಳುತ್ತಿದ್ದರು, ಕುದುರೆಯನ್ನೂ ಬೀಳಿಸುತ್ತಿದ್ದರು. ಬಡವರ ಹೆಸರಿನಲ್ಲಿ ಈ ಪದ್ಧತಿಯನ್ನು ಕಾಪಾಡುವವರು ಬಡ ದೇಶಗಳಿಗೆ ಕುದುರೆ ಶಾಲೆ ಕಟ್ಟಿಕೊಟ್ಟಿದ್ದರೆ ನಾನು ಅವರ ಮಾತನ್ನು ಹೆಚ್ಚು ಗೌರವದಿಂದ ಕೇಳುತ್ತಿದ್ದೆ.

ಕ್ರೀಡಾಪಟುಗಳನ್ನು ಕೇಳದೆ ನಿರ್ಧರಿಸಿದರು ಎಂಬ ದೂರನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅಂತಾರಾಷ್ಟ್ರೀಯ ಪೆಂಟಾಥ್ಲಾನ್ ಒಕ್ಕೂಟ 2021ರ ನವೆಂಬರಿನಲ್ಲಿ ಸವಾರಿಯನ್ನು ಕೈಬಿಡುವುದಾಗಿ ಪ್ರಕಟಿಸಿದ ರೀತಿ ಚೆನ್ನಾಗಿರಲಿಲ್ಲ. ಟೋಕಿಯೊದ ಪುರುಷರ ಚಿನ್ನ ಗೆದ್ದ ಜೋ ಚೂಂಗ್ ಸೇರಿ ಅನೇಕರು ಬಹಿರಂಗವಾಗಿ ಪ್ರತಿಭಟಿಸಿದರು. ಬಾಲ್ಯದಿಂದ ಒಂದು ಆಟಕ್ಕೆ ಮೈ ಸವೆಸಿದವರಿಗೆ ಆ ಆಟವನ್ನೇ ಬದಲಿಸುವಾಗ ಮಾತಾಡುವ ಹಕ್ಕಿದೆ. ಒಕ್ಕೂಟದ ಮಹಾಸಭೆ 2022ರಲ್ಲಿ ಅಡೆತಡೆ ಓಟಕ್ಕೆ ಮತ ಹಾಕಿತು. 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬೈಯಲ್ಲೇ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಹೊಸ ರೂಪದ ಪೆಂಟಾಥ್ಲಾನ್‌ಗೆ 2028ರಲ್ಲಿ ಜಾಗ ಕೊಟ್ಟಿತು. ಅಡೆತಡೆ ಓಟದ ಬಗ್ಗೆ ನನಗೂ ಅಂಥ ಒಲವಿಲ್ಲ. ಅದು ಟಿವಿಯವರಿಗೆ ಒಪ್ಪುವ ಆಟ. ಆದರೆ ತೆಗೆದ ವಿಧಾನ ಕೆಟ್ಟದಾಗಿತ್ತು ಎಂಬುದರಿಂದ ತೆಗೆದುಹಾಕಿದ ಪದ್ಧತಿ ಒಳ್ಳೆಯದಾಗಿತ್ತು ಎಂದು ಸಿದ್ಧವಾಗುವುದಿಲ್ಲ. ಆ ಸಭೆಗಳಲ್ಲಿ ಕ್ರೀಡಾಪಟುವಿಗೆ ದನಿ ಕಡಿಮೆ ಇತ್ತು, ಕುದುರೆಗೆ ಇರಲೇ ಇಲ್ಲ.

ಪ್ಯಾರಿಸ್‌ನಲ್ಲಿ ಎಲ್ಲ ಸುಸೂತ್ರವಾಯಿತಲ್ಲ, ಸುಧಾರಣೆ ಸಾಕಿತ್ತಲ್ಲ ಎನ್ನುವುದು ಕೊನೆಯ ವಾದ. ವರ್ಸೈ ಅರಮನೆಯ ಆವರಣದಲ್ಲಿ ಈಜಿಪ್ಟಿನ ಅಹ್ಮದ್ ಎಲ್‌ಗೆಂಡಿ, ಹಂಗೇರಿಯ ಮಿಶೆಲ್ ಗುಯಾಶ್ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು, ಟೋಕಿಯೊದಂಥ ದೃಶ್ಯ ಮರುಕಳಿಸಲಿಲ್ಲ. ಸಂತೋಷ. ಆದರೆ ಅದು ಹೇಗಾಯಿತು? ಜಗತ್ತಿನ ಕಣ್ಣು ನೆಟ್ಟಿತ್ತು, ನಿಯಮಗಳನ್ನು ಕುದುರೆಯ ಪರವಾಗಿ ಬಿಗಿ ಮಾಡಿದ್ದರು. ಕುದುರೆಯನ್ನು ಗಮನಿಸಿದರೆ ಆಟ ಕೆಡುವುದಿಲ್ಲ ಎಂದು ಪ್ಯಾರಿಸ್ ತೋರಿಸಿತು. ಹಾಗಿದ್ದರೆ 1968ರಿಂದ ಅಷ್ಟು ದಶಕ ಯಾಕೆ ಗಮನಿಸಲಿಲ್ಲ? ಒಂದು ಒಳ್ಳೆಯ ಕೂಟದ ಬಲದ ಮೇಲೆ ಆ ಒಕ್ಕೂಟದ ಕೈಗೆ ಮತ್ತೆ ಕುದುರೆಗಳನ್ನು ಒಪ್ಪಿಸಲು ನನಗೆ ಧೈರ್ಯವಿಲ್ಲ.

ಒಲಿಂಪಿಕ್ಸ್ ಮಟ್ಟಿಗೆ ತೀರ್ಮಾನವಾಗಿದೆ. ಅಪರಿಚಿತ ಕುದುರೆ ಏರುವ ಸ್ಪರ್ಧೆ ಮಾತ್ರ ಅಲ್ಲಿಗೇ ನಿಂತಿಲ್ಲ. 2010ರಲ್ಲಿ ಸಿಂಗಪುರದಲ್ಲಿ ಶುರುವಾದ ಯೂತ್ ಒಲಿಂಪಿಕ್ಸ್‌ನ ಜಂಪಿಂಗ್‌ನಲ್ಲೂ ಕುದುರೆ ಸಂಘಟಕರದೇ. ಅಲ್ಲಿ ಮಕ್ಕಳಿಗೂ ಕುದುರೆಗಳಿಗೂ ಹೊಂದಿಕೊಳ್ಳಲು ದಿನಗಳನ್ನು ಕೊಡುತ್ತಾರೆ. ನಮ್ಮಲ್ಲೂ ಸ್ವಂತ ಕುದುರೆ ಇಲ್ಲದ ಮಕ್ಕಳು ಸವಾರಿ ಶಾಲೆಯ ಕುದುರೆಗಳನ್ನೇ ಹಂಚಿಕೊಂಡು ಸ್ಪರ್ಧಿಸುತ್ತಾರೆ, ಮುಂದೆಯೂ ಸ್ಪರ್ಧಿಸಬೇಕು. ಅಂಥ ಸ್ಪರ್ಧೆ ನಡೆಸುವವರಲ್ಲಿ, ಮಕ್ಕಳನ್ನು ಕಳಿಸುವ ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಪರಿಚಯಕ್ಕೆ ನಿಮಿಷಗಳ ಬದಲು ದಿನಗಳನ್ನು ಕೊಡಿ. ತಡೆಯ ಎತ್ತರವನ್ನು ಆ ದಿನದ ಅತಿ ಹೊಸ ಸವಾರನ ಮಟ್ಟಕ್ಕೆ ಇಡಿ. ಸ್ಪರ್ಧೆ ನಿಲ್ಲಿಸುವ ಅಧಿಕಾರವನ್ನು ಪಶುವೈದ್ಯರಿಗೆ ಕೊಡಿ, ಅವರ ಮಾತಿಗೆ ಮೇಲ್ಮನವಿ ಇರಬಾರದು. ಮೊದಲ ಸವಾರನಿಗೆ ಒಲ್ಲೆ ಎಂದ ಕುದುರೆಯನ್ನು ಆ ದಿನ ಇನ್ನೊಬ್ಬರಿಗೆ ಕೊಡಬೇಡಿ, ಲಾಯಕ್ಕೆ ಕಳಿಸಿ.